ಕಾಕಾ ಹೇಳಿದ ಟಿವಿ

ನಮ್ಮ ಕಾಕಾನಷ್ಟು ಸುಳ್ಳು ಹೇಳುವವರು ಹುಬ್ಬಳ್ಳಿ-ಧಾರವಾಡದಲ್ಲಿ ಇನ್ನೊಬ್ಬರಿಲ್ಲ. ಇದನ್ನು ನಾನು ದೂರೆಂದು ಹೇಳುತ್ತಿಲ್ಲ, ಹೆಮ್ಮೆಯಿಂದ ಹೇಳುತ್ತಿದ್ದೇನೆ! ಕೆಲವರ ಮನೆತನದಲ್ಲಿ ಡಾಕ್ಟರಿರುತ್ತಾರೆ, ಕೆಲವರಲ್ಲಿ ವಕೀಲರು, ಪುಣ್ಯ ಮಾಡಿದವರಲ್ಲಿ ಹಾಡುಗಾರರು. ನಮ್ಮ ಮನೆತನಕ್ಕೆ ಇವರು. ಪಾಲಿಗೆ ಬಂದದ್ದನ್ನು ತಲೆಯ ಮೇಲೆ ಹೊತ್ತು ಮೆರೆಸುವುದು ನಮ್ಮ ಧರ್ಮವಲ್ಲವೇ?

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಅವರದು ಸೀರೆ ಅಂಗಡಿ. "ಬಣ್ಣ ಹೋಗಂಗಿಲ್ಲೇನ್ರಿ?" ಎಂದು ಗಿರಾಕಿ ಕೇಳಿದರೆ, "ಹೋದ್ರ ನಾ ಮೀಸಿ ಬೋಳಿಸಿಕೋತೇನಿ ನೋಡ್ರಿ!" ಎಂದು ಎದೆ ತಟ್ಟಿ ಹೇಳುತ್ತಾರೆ. ಅವರಿಗೆ ಮೀಸೆ ಇಲ್ಲ. ಹರೆಯದಲ್ಲೂ ಇರಲಿಲ್ಲ. ಆ ಬೋಳು ತುಟಿಯನ್ನು ಕಣ್ಣಾರೆ ನೋಡುತ್ತಲೇ ಗಿರಾಕಿ ಸೀರೆ ಕಟ್ಟಿಸಿಕೊಂಡು ಹೋಗುತ್ತಾರೆಂದರೆ ಆ ಸುಳ್ಳಿನ ಹದ ಎಂಥದಿರಬೇಕು! ಬಣ್ಣ ಹೋಯಿತೆಂದು ಯಾರಾದರೂ ವಾಪಸು ತಂದರೆ ಮರುಮಾತಿಲ್ಲದೆ ಬೇರೆ ಸೀರೆ ಕೊಡುತ್ತಾರೆ. "ಮಾತ ಅಂದ್ರ ಮಾತ್ರಿ. ಮುಂಜಾನೇನ ಬೋಳಿಸೇನಿ," ಎಂದು ಮೇಲ್ದುಟಿ ಮುಂದೆ ಮಾಡುತ್ತಾರೆ. ಜಗಳಕ್ಕೆಂದು ಬಂದವರು ನಗುತ್ತ ಇನ್ನೊಂದು ಸೀರೆ ಕೊಂಡು ಹೋದದ್ದನ್ನು ನಾನೇ ನೋಡಿದ್ದೇನೆ.

ಇಂಥ ಕಾಕಾ ಸಂಜೆಯಾಯಿತೆಂದರೆ ಅಂಗಡಿಯನ್ನು ಕೆಲಸದವರಿಗೆ ಒಪ್ಪಿಸಿ ಬೆಂಗೇರಿಯ ಮನೆಗೆ ಓಡುತ್ತಾರೆ. ಯಾಕೆ? ಟಿವಿ ಹೇಳಲು! ಹೌದು, ನೋಡಲು ಅಲ್ಲ, ಹೇಳಲು. ಅವರ ಹೆಂಡತಿ, ನಮ್ಮ ಕಾಕೂಗೆ, ಕಣ್ಣಿನೊಳಗಿನ ಒತ್ತಡ ಹೆಚ್ಚಾಗಿ, ದೃಷ್ಟಿ ಸ್ವಲ್ಪ ಸ್ವಲ್ಪವೇ ಸರಿದುಹೋಗಿ, ಕೆಲವು ವರ್ಷಗಳಿಂದ ಬೆಳಕು ಯಾವುದು ಕತ್ತಲೆ ಯಾವುದು ಎಂಬಷ್ಟೇ ತಿಳಿಯುತ್ತದೆ. ಅದಕ್ಕೆಂದು ಅವರು ಮೂಲೆ ಹಿಡಿದು ಕೂತವರಲ್ಲ. ಪಕ್ಕದ ಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳಿಯೇ ದಪ್ಪಗಾಯಿತೋ ತೆಳ್ಳಗಾಯಿತೋ ಹೇಳಬಲ್ಲರು. ಗೋಡೆಯಾಚೆ ಕೇಳಿಸುವಂತೆ ಹೇಳಿಯೂ ಬಿಡುತ್ತಾರೆ, ಅದೇ ತಾಪತ್ರಯ.

ಟಿವಿ ಮಾತ್ರ ಕಾಕೂಗೆ ಬೇಕೇ ಬೇಕು. ಪಾತ್ರಗಳು ಮಾತಾಡುತ್ತಿರುವ ತನಕ ತೊಂದರೆಯಿಲ್ಲ. ಆದರೆ ನಮ್ಮ ಧಾರಾವಾಹಿಗಳಲ್ಲಿ ಮಾತಾಡುವುದಕ್ಕಿಂತ ದುರುಗುಟ್ಟಿ ನೋಡುವುದೇ ಜಾಸ್ತಿ ಅಲ್ಲವೇ? ಅತ್ತೆ ಸೊಸೆಯನ್ನು ನೋಡುತ್ತಾಳೆ, ಡಂಯ್! ಸೊಸೆ ಅತ್ತೆಯನ್ನು ನೋಡುತ್ತಾಳೆ, ಡಂಯ್! ಅಡುಗೆಯವನು ಇಬ್ಬರನ್ನೂ ನೋಡುತ್ತಾನೆ, ಡಂಯ್ ಡಂಯ್! ಈ ಡಂಯ್‌ಗಳ ನಡುವೆ ಏನಾಯಿತೆಂದು ಹೇಳುವ ಹೊಣೆ ಕಾಕಾನದು. ಅವರ ಕಣ್ಣು ಮೊದಲು ಹೋಗುವುದು ಎಲ್ಲಿಗೆ ಎಂದು ಬೇರೆ ಹೇಳಬೇಕೇ?

"ಅತ್ತಿ ಬಂದ್ಲು ನೋಡು. ರೇಷ್ಮಿ ಉಟ್ಟಂಗ ತೋರಸಾಕತ್ತಾಳ, ಖರೇ ಅಂದ್ರ ಪಾಲಿಸ್ಟರ್. ಇಕಿ ಮಾತು ನಂಬಬ್ಯಾಡ."

"ಸೀರಿ ಇರಲ್ರಿ, ಮಾರಿ ಹ್ಯಾಂಗೈತಿ?"

"ಮಾರಿನೂ ಪಾಲಿಸ್ಟರ!"

ಕಾಕಾನ ಟಿವಿಯಲ್ಲಿ ಖಳನಾಯಕ ಯಾರೇ ಆಗಿರಲಿ, ಅವನಿಗೆ ಹೊಟ್ಟೆ ಬಂದಿರುತ್ತದೆ, ನೆತ್ತಿ ಬೋಳಾಗಿರುತ್ತದೆ, ಒಟ್ಟಿನಲ್ಲಿ ದುರ್ಗದಬೈಲಿನ ಎದುರು ಅಂಗಡಿಯವರ ಥೇಟ್ ಪಡಿಯಚ್ಚಾಗಿರುತ್ತಾನೆ. ಒಮ್ಮೆ ನಾನು ಪಕ್ಕದಲ್ಲೇ ಕೂತಿದ್ದೆ. ಪರದೆಯ ಮೇಲಿದ್ದವನು ಸಪೂರ ದೇಹದ, ಗುಂಗುರು ಕೂದಲಿನ ಚೆಲುವ. "ಕಾಕಾ, ಅಂವಗ ಎಲ್ಲೈತ್ರಿ ಹೊಟ್ಟಿ?" ಎಂದೆ. "ನೀ ಸುಮ್ಮನಿರಬೇ, ಅಂವಾ ಉಸರ ಬಿಗಿಹಿಡದಾನ," ಎಂದರು.

ನಡುಮನೆಯಲ್ಲಿ ಹೀಗೆ ಟಿವಿಯ ಮೇಲೆ ಟಿವಿ ಓಡುವಾಗ ಬೇರೆಯವರು ಅಲ್ಲಿ ಕೂರುವಂತಿಲ್ಲ. ನೆಂಟರು ಬಂದರೆ ಪಡಸಾಲೆಯಲ್ಲೇ ಚಹಾ ಕುಡಿದು ಎದ್ದು ಹೋಗುತ್ತಾರೆ. "ಹುಚ್ಚರ ಸಂತಿ," ಎಂದು ಹೋಗುತ್ತ ಅಂದವರೂ ಉಂಟು. ಅನ್ನಲಿ. ಅವರ ಮನೆಗಳಲ್ಲಿ ಗಂಡ ಹೆಂಡತಿ ಒಂದು ಸಂಜೆಗೆ ಎಷ್ಟು ಮಾತಾಡುತ್ತಾರೆ ಎಂಬುದು ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ.

ಒಂದು ಸಲ ಧಾರಾವಾಹಿಯ ನಾಯಕಿಯ ತಾಯಿ ತೀರಿಕೊಂಡಳು. ಕಾಕೂನ ಅವ್ವ ಹೋಗಿ ಆಗಿನ್ನೂ ಬಹಳ ದಿನವಾಗಿರಲಿಲ್ಲ. ಟಿವಿಯಲ್ಲಿ ಮಂದಿಯೆಲ್ಲ ಬೋರಾಡಿ ಅಳುತ್ತಿದ್ದಾರೆ. ಕಾಕಾ ಒಂದು ಗಳಿಗೆ ಕಾಕೂನ ಮುಖ ನೋಡಿದರು. ಆಮೇಲೆ, "ತಾಯಿ ತವರಮನಿಗೆ ಹೊಂಟಾಳ," ಎಂದರು.

"ಅದಕ್ಕ ಇಷ್ಟ್ಯಾಕ ಅಳತಾರ್ರಿ?"

"ಭಾಳ ಹಚಿಗೊಂಡಿದ್ರು. ಮ್ಯಾಲಾಗಿ ಬಸ್ಸಿನ್ಯಾಗ ಸೀಟ ಸಿಕ್ಕಿಲ್ಲ."

ಮರುದಿನ ಪಕ್ಕದ ಮನೆಯಾಕೆ ಬಂದು, "ಪಾಪ, ಅಕಿ ಸತ್ತೇ ಹೋದ್ಲಲ್ರಿ ವೈನಿ!" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಾಕೂ ಅವರೆಕಾಯಿ ಬಿಡಿಸುತ್ತಲೇ ತಣ್ಣಗೆ ಹೇಳಿದರು: "ನಿಮ್ಮ ಟಿವ್ಯಾಗ ಸತ್ತಾಳೇನವಾ? ನಮ್ಮ ಟಿವ್ಯಾಗ ತವರಮನಿಗೆ ಹೋಗ್ಯಾಳ."

ಇಷ್ಟೆಲ್ಲ ಇದ್ದರೂ ಕಾಕಾನ ಈ ಕಸುಬಿಗೆ ಒಂದು ದೊಡ್ಡ ತೊಡಕಿತ್ತು. ಟಿವಿ ನಿಲ್ಲುವುದಿಲ್ಲ! ಕಾಕಾ ಸೆರಗು, ದಡಿ, ಒಡಲು ಎಂದು ವಿವರಿಸಿ ಮುಗಿಸುವಷ್ಟರಲ್ಲಿ ಕಥೆ ಮುಂದಿನ ಊರು ಸೇರಿರುತ್ತಿತ್ತು. ಇವರು ಆಸ್ಪತ್ರೆಯಲ್ಲಿ ರೋಗಿಗೆ ಸಲಾಯಿನ್ ಹಚ್ಚುತ್ತಿದ್ದರೆ ಅಲ್ಲಿ ಮದುವೆ ನಡೆದಿರುತ್ತಿತ್ತು. "ದವಾಖಾನ್ಯಾಗ ಸನಾದಿ ಯಾಕ ಊದಾಕತ್ತಾರ್ರಿ?" ಎಂದು ಕಾಕೂ ಕೇಳುತ್ತಿದ್ದರು. ಕಾಕಾ ಏದುಸಿರು ಬಿಡುತ್ತ, "ತಡೀ, ಬಂದೆ ಬಂದೆ," ಎಂದು ಹೊರಟ ಬಸ್ಸಿನ ಹಿಂದೆ ಓಡುವವರಂತೆ ಕಥೆಯ ಹಿಂದೆ ಓಡುತ್ತಿದ್ದರು.

ಹೀಗಿರುವಾಗ ಕೇಬಲ್ಲಿನವನು ಬಂದ. ಓಣಿಯವರೆಲ್ಲ ಇಂಟರ್ನೆಟ್ ಟಿವಿಗೆ ಹೋಗುತ್ತಿದ್ದಾರೆ, ಹಳೆಯ ಕೇಬಲ್ ಈ ತಿಂಗಳ ಕೊನೆಗೆ ಬಂದ್ ಆಗುತ್ತದೆ, ಹೊಸ ಸಂಪರ್ಕ ಬೇಕೋ ಬೇಡವೋ ಬೇಗ ಹೇಳಿ ಎಂದ. ಮಾದರಿಗೆಂದು ಹೊಸ ತಂತಿಯ ತುಂಡೊಂದನ್ನು ಕಾಕಾನ ಕೈಗಿಟ್ಟ. ಕಾಕಾ ಅದನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹೊಸಕಿದರು, ಬೆಳಕಿಗೆ ಹಿಡಿದರು, ಎಳೆದು ನೋಡಿದರು.

"ಎಳಿ ಭಾಳ ತೆಳ್ಳಗೈತಿ. ಬಾಳಿಕಿ ಬರಂಗಿಲ್ಲ."

"ಅಜ್ಜಾರ, ಇದರಾಗ ಬೆಳಕು ಓಡತೈತ್ರಿ!"

"ಒಂದ ಒಗತಕ್ಕ ಅದೂ ಹೋಗತೈತಿ," ಎಂದು ವಾಪಸು ಕೊಟ್ಟರು.

ಆ ಭಾನುವಾರ ನಾನು ಕೆಲಗೇರಿಯಿಂದ ಅವರನ್ನು ಒಪ್ಪಿಸಲೆಂದೇ ಬಂದೆ. ನಾನು ಧಾರವಾಡದ ಕಾಲೇಜೊಂದರಲ್ಲಿ ಪಾಠ ಹೇಳುವವಳು. ಮಂದಿಯನ್ನು ಒಪ್ಪಿಸುವುದು ನನ್ನ ನಿತ್ಯದ ಉದ್ಯೋಗವೆಂಬ ಜಂಬ ನನಗೆ. ಬೇಕಾದ ಸಿನೆಮಾ ಬೇಕಾದಾಗ ನೋಡಬಹುದು ಎಂದೆ. "ಬೇಕಾದಾಗ ಊಟ ಮಾಡಿದ್ರ ಅಜೀರ್ಣ ಆಕ್ಕೈತಿ," ಎಂದರು. ಜಾಹೀರಾತಿನ ಕಾಟ ಕಡಿಮೆ ಎಂದೆ. "ಮತ್ತ ನಾ ನೀರ ಯಾವಾಗ ಕುಡೀಲಿ?" ಎಂದರು. ಚಿತ್ರ ಎಷ್ಟು ಸ್ವಚ್ಛವೆಂದರೆ ಸೀರೆಯ ಎಳೆ ಎಣಿಸಬಹುದು ಎಂದೆ. ಅದೊಂದಕ್ಕೆ ಸ್ವಲ್ಪ ಮೆತ್ತಗಾದರು. ಕೂಡಲೇ, "ಧಾರವಾಡದವರ ಮಾತು ಮೆತ್ತಗಿರತೈತಿ ಬೇ, ಸರಕು ಇರಂಗಿಲ್ಲ," ಎಂದು ಮತ್ತೆ ಗಟ್ಟಿಯಾದರು.

ಆಗ ನಾನು ಕೊನೆಯ ಅಸ್ತ್ರ ಬಿಟ್ಟೆ. "ಕಾಕಾ, ಇದರಾಗ ಕಣ್ಣು ಕಾಣದವರ ಸಲುವಾಗಿ ಒಂದು ದನಿ ಇರತೈತ್ರಿ. ಯಾರು ಬಂದ್ರು, ಯಾರು ಹೋದ್ರು, ಏನ್ ಮಾಡಿದ್ರು, ಎಲ್ಲಾ ಅದ ಹೇಳತೈತಿ. ಕನ್ನಡದಾಗ ಕಡಿಮಿ, ಹಿಂದ್ಯಾಗ ಬೇಕಾದಷ್ಟದಾವ. ಕಾಕೂಗ ಹಿಂದಿ ಬರತೈತಲ್ಲ!"

ಕಾಕಾ ಊಟ ಮುಗಿಸಿದವರಂತೆ ಎದ್ದು ಹೋಗಿ ಕೈ ತೊಳೆದುಕೊಂಡು ಬಂದರು. ಅವರಿನ್ನೂ ಊಟಕ್ಕೇ ಕೂತಿರಲಿಲ್ಲ.

ಮರುದಿನ ಕಾಲೇಜು ಮುಗಿಸಿ ಅಂಗಡಿಗೆ ಹೋದೆ. ಕಾಕಾ ಚಹಾ ತರಿಸಿದರು. ಗಿರಾಕಿಗಳು ಅತ್ತ ಸರಿದದ್ದೇ ಮೆಲ್ಲಗೆ ಕೇಳಿದರು:

"ಆ ಹೇಳೂ ದನಿ ಗಂಡಸಿಂದೋ, ಹೆಂಗಸಿಂದೋ?"

"ಎರಡೂ ಇರತಾವ್ರಿ."

"ಗಂಡಸಿಂದು ಇದ್ರ... ವಯಸ್ಸೆಷ್ಟ ಇರಬಹುದು?"

ನನಗೆ ನಗು ತಡೆಯಲಾಗಲಿಲ್ಲ. ಕಾಕಾ ನಗಲಿಲ್ಲ. ಮಡಿಚಿಟ್ಟ ಸೀರೆಯನ್ನೇ ಬಿಚ್ಚಿ ಮತ್ತೆ ಮಡಿಚುತ್ತ, "ಅಲ್ಲಬೇ, ಎಲ್ಲಾ ಅದ ಹೇಳಾಕ ನಿಂತ್ರ, ಸಂಜೀಕ ನಾ ಮನಿಗೆ ಹೋಗಿ ಏನ್ ಮಾಡ್ಲಿ?" ಎಂದರು. ನನ್ನ ಚಹಾ ಅಲ್ಲೇ ಆರಿತು. ತಂತಿ, ಬಾಳಿಕೆ, ಅಜೀರ್ಣ ಎಂದೆಲ್ಲ ಅವರು ತೆಗೆದ ತಕರಾರುಗಳ ಹಿಂದೆ ಇದ್ದ ಭಯ ಇದೊಂದೇ. ಅದನ್ನು ನನ್ನ ಬುದ್ಧಿವಂತ ತಲೆ ಊಹಿಸಿಯೇ ಇರಲಿಲ್ಲ. ಇಷ್ಟು ದಿನ ನಾವೆಲ್ಲ ಕಾಕಾ ಕಾಕೂಗೆ ಕಣ್ಣಾಗಿದ್ದಾರೆ ಎಂದು ಹೊಗಳುತ್ತಿದ್ದೆವು. ಆ ಕೆಲಸ ಹೋದರೆ ಕಾಕಾನಿಗೆ ಉಳಿಯುವುದೇನು ಎಂದು ಯಾರೂ ಕೇಳಿರಲಿಲ್ಲ.

ಬೇಡವೇ ಬೇಡ, ಮಾತನ್ನು ಇಲ್ಲಿಗೇ ಬಿಡೋಣ ಎಂದುಕೊಂಡೆ. ಆದರೆ ಕಾಕೂನ ಕಿವಿಗೆ ವಿಷಯ ಆಗಲೇ ಬಿದ್ದಿತ್ತು. "ಅದ್ಯಾವುದೋ ದನಿ ಐತಂತಲ್ಲ, ಕೇಳಸಬೇ ನನಗ," ಎಂದು ಫೋನ್ ಮಾಡಿದರು. ಕಾಕೂ ಕೇಳಿದರೆ ಇಲ್ಲವೆನ್ನುವ ಧೈರ್ಯ ನಮ್ಮ ಮನೆತನದಲ್ಲಿ ಯಾರಿಗಿದೆ?

ಮುಂದಿನ ಭಾನುವಾರ ನನ್ನ ಫೋನಿನ ಇಂಟರ್ನೆಟ್ಟನ್ನೇ ಟಿವಿಗೆ ಜೋಡಿಸಿದೆ. ಕಾಕಾ ಇಸ್ತ್ರಿ ಮಾಡಿದ ಜುಬ್ಬಾ ಹಾಕಿಕೊಂಡು, ಕ್ರಾಪು ತೀಡಿಕೊಂಡು ಬಂದು ಕೂತಿದ್ದರು, ಬರುವವನು ಎದುರಿಗೇ ಬಂದು ಕೂರುತ್ತಾನೆಂಬಂತೆ! ಒಂದು ಹಿಂದಿ ಸಿನೆಮಾ ಹಚ್ಚಿದೆ. ದನಿ ಬಂತು. ಗಂಡಸಿನದೇ. ಅದೂ ಮಂದ್ರದ, ಗಂಭೀರವಾದ, ಹರೆಯದ ದನಿ. ನನ್ನ ಹಣೆಬರಹ! ಅವಳು ನೀಲಿ ಸೀರೆ ಉಟ್ಟಿದ್ದಾಳೆ, ಕಿಟಕಿಯ ಹತ್ತಿರ ಬರುತ್ತಾಳೆ, ಹೊರಗೆ ನೋಡುತ್ತಾಳೆ ಎಂದು ಅದು ಹೇಳಿತು. ಒಂದು ಮಾತು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಪಾತ್ರಗಳು ಬಾಯಿ ತೆರೆಯುವ ಮೊದಲೇ ಮುಗಿಸಿ ಸುಮ್ಮನಾಯಿತು.

"ಅಬ್ಬಾ, ಎಷ್ಟ ಸ್ವಚ್ಛ ಹೇಳತಾನ!" ಎಂದರು ಕಾಕೂ.

ಹೇಳುತ್ತದೆ ಅಲ್ಲ, ಹೇಳುತ್ತಾನೆ! ಕಾಕಾ ಜುಬ್ಬಾದ ಮೇಲಿನ ಗುಂಡಿ ಬಿಚ್ಚಿಕೊಂಡರು.

ಕಾಕೂ ಕಿವಿಗೊಟ್ಟು ಕೇಳುತ್ತ ಹೋದರು. ನಡುವೆ ರೂಢಿಯಂತೆ, "ಯಾವ ನೀಲಿ? ನವಿಲಗೊರಳೋ, ಶಾಯಿ ನೀಲಿಯೋ?" ಎಂದರು. ದನಿ ಆಗಲೇ ಅಂಗಳಕ್ಕೆ ಇಳಿದಿತ್ತು. "ಆಕಿ ಮಾರಿ ಯಾಕ ಸಣ್ಣ ಮಾಡ್ಯಾಳ?" ಎಂದರು. ದನಿ ಬಾಗಿಲು ತೆರೆಯಿತು, ಕಾರು ಬಂತು ಎಂದಿತು. ಕಾಕೂ ಮತ್ತೆ ಏನೂ ಕೇಳಲಿಲ್ಲ. ಕಾಕಾನ ಬಾಯಿ ಎರಡು ಮೂರು ಸಲ ತೆರೆದು ಮುಚ್ಚಿತು. ನಡುಮನೆಯಲ್ಲಿ ಅಷ್ಟು ಹೊತ್ತು ಕಾಕಾ ಸುಮ್ಮನೆ ಕೂತದ್ದು ನನಗೆ ಸಹಿಸಲಾಗಲಿಲ್ಲ.

"ಆ ದನಿ ಬಂದ್ ಮಾಡಬೇ," ಎಂದರು ಕಾಕೂ.

ನಾನು ದನಿಯನ್ನಷ್ಟೇ ಬಂದ್ ಮಾಡಿದೆ. ಸಿನೆಮಾ ತನ್ನ ಪಾಡಿಗೆ ನಡೆದಿತ್ತು.

"ಯಾಕ? ಛಲೋ ಹೇಳಾಕತ್ತಿದ್ದನಲ್ಲ," ಎಂದರು ಕಾಕಾ, ಬೇರೆ ಕಡೆ ನೋಡುತ್ತ. "ಇಟ್ಕೋ. ನನಗಿಂತ ಛಲೋ ಹೇಳತಾನ. ತಪ್ಪಂತೂ ಇಲ್ಲ."

"ಹೌದ್ರಿ, ತಪ್ಪಿಲ್ಲ. ಖರೇನ ಹೇಳತಾನ," ಎಂದರು ಕಾಕೂ. "ಆದ್ರ ಅಂವಾ ಎಲ್ಲಾರಿಗೂ ಹೇಳತಾನ. ನೀವು ನನಗ ಹೇಳತೀರಿ."

ಕಾಕಾ ಬಿಚ್ಚಿದ ಗುಂಡಿಯನ್ನು ಮತ್ತೆ ಹಾಕಿಕೊಳ್ಳಲು ಹೋಗಿ ತಡವರಿಸಿದರು. ಎಂಥ ಗಿರಾಕಿಯ ಮುಂದೆಯೂ ತಡವರಿಸದ ಮನುಷ್ಯ! ಟಿವಿಯಲ್ಲಿ ಯಾರೋ ಮಾತು ನಿಲ್ಲಿಸಿದರು, ವಾದ್ಯ ಶುರುವಾಯಿತು, ಯಾರೋ ಓಡಿದ ಸಪ್ಪಳ. ಕಾಕೂ ರೂಢಿಯಂತೆ ಅತ್ತ ತಲೆ ತಿರುಗಿಸಿ, "ಯಾಕ ಸುಮ್ಮನಾದ್ರಿ? ಏನಾತು ಅಲ್ಲೆ?" ಎಂದರು. ಕಾಕಾ ಪರದೆಯನ್ನು ನೋಡಿದರು, ಆದರೆ ತುಂಬಿದ ಕಣ್ಣಿಗೆ ಏನು ಕಂಡೀತು? "ತಡೀ..." ಎಂದರು. ಅದೊಂದೇ ಬಂತು.

ನಾನು ರಿಮೋಟಿನ ಗುಂಡಿ ಒತ್ತಿದೆ. ಓಡುತ್ತಿದ್ದ ಹೆಂಗಸು ಒಂದು ಕಾಲು ಎತ್ತಿದಲ್ಲೇ ನಿಂತಳು.

"ಟಿವಿ ಕೆಟ್ಟತೇನ?" ಎಂದರು ಕಾಕಾ.

"ಇಲ್ಲರಿ ಕಾಕಾ, ನಿಲ್ಲಿಸೇನಿ. ಇದರಾಗ ನಿಲ್ಲಸಬಹುದು. ಅವಸರ ಇಲ್ಲ, ಸಾವಕಾಶ ಹೇಳ್ರಿ."

"ನಾ ಹೇಳೂ ತನಕ ಹೋಗಂಗಿಲ್ಲ?"

"ಹೋಗಂಗಿಲ್ಲ."

ಕಾಕಾ ಜುಬ್ಬಾದ ತೋಳಿನಿಂದ ಮುಖ ಒರೆಸಿಕೊಂಡರು. ಎಷ್ಟೋ ವರ್ಷ ಕಥೆಯ ಹಿಂದೆ ಏದುಸಿರು ಬಿಟ್ಟು ಓಡಿದ ಮನುಷ್ಯ, ಆ ಎತ್ತಿದ ಕಾಲನ್ನು ಬಹಳ ಹೊತ್ತು ನೋಡಿದರು. "ನಾಳೆ ಆ ಕೇಬಲ್ಲಿನಾವಗ ಹೇಳಬೇ," ಎಂದರು, "ತಂತಿ ಹಾಕಿ ಹೋಗಂತ." ಆಮೇಲೆ ಕುರ್ಚಿಯನ್ನು ಕಾಕೂನ ಹತ್ತಿರಕ್ಕೆ ಎಳೆದುಕೊಂಡು, ಕೆಮ್ಮಿ ಗಂಟಲು ಸರಿ ಮಾಡಿಕೊಂಡು, ಅವರ ಕೈ ತಮ್ಮ ಕೈಯಲ್ಲಿ ಹಿಡಿದು ಮೊದಲಿನಿಂದ ಹೇಳತೊಡಗಿದರು. ಈ ಮನುಷ್ಯ ನಮ್ಮ ಕಾಕಾ ಎಂದು ನನಗೆ ಅಂದು ಆದಷ್ಟು ಹೆಮ್ಮೆ ಹಿಂದೆಂದೂ ಆಗಿರಲಿಲ್ಲ. ಅವರು ಹೇಳಿ ಮುಗಿಸುವ ತನಕ ಆ ಸಿನೆಮಾದ ಮಂದಿಯೆಲ್ಲ ನಿಂತಲ್ಲೇ ನಿಂತು ಕಾದರು.