ದೀಪ ಹತ್ತುವವರೆಗೆ ಬಾಯಿ ತೆರೆಯದ ಮನೆಯಿಂದ, ಚೋಕ್ ಅವರಿಗೆ

ಕೊಟ್ಟೂರಿನ ನಮ್ಮ ಮನೆಯ ಪಡಸಾಲೆಯಲ್ಲಿ, ಟ್ಯೂಬ್‌ಲೈಟಿನ ಪಟ್ಟಿಯೊಳಗೆ, ಹಲ್ಲಿಯ ಸಂಸಾರದ ಪಕ್ಕದಲ್ಲೇ ವಿರಾಜಮಾನರಾಗಿರುವ ಚೋಕ್ ಅವರ ಸನ್ನಿಧಾನಕ್ಕೆ, ಅದೇ ಮನೆಯ ಮಗಳೂ ಕೂಡ್ಲಿಗಿಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವವಳೂ ಆದ ವಾಣಿಶ್ರೀ, ಕುರ್ಚಿಯ ಮೇಲೆ ನಿಂತು, ಕತ್ತೆತ್ತಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವು ಕ್ಷೇಮವಾಗಿರುವುದು ತಮ್ಮ ಗುಂಯ್ ಎಂಬ ಸದ್ದಿನಿಂದಲೇ ಊರಿಗೆಲ್ಲ ತಿಳಿಯುತ್ತದೆ, ಆದ್ದರಿಂದ ವಿಚಾರಿಸುವುದಿಲ್ಲ. ನನ್ನ ಕ್ಷೇಮ ಮಾತ್ರ ಹೋದ ವಾರ ಹರಪನಹಳ್ಳಿಯವರು ಕನ್ಯಾ ನೋಡಲು ಬಂದ ಸಂಜೆಯಿಂದ ಕೆಟ್ಟಿದೆ, ಅದಕ್ಕೆ ತಾವೇ ಹೊಣೆ ಎಂದು ಅತ್ಯಂತ ವಿನಯದಿಂದ ತಿಳಿಸಬಯಸುತ್ತೇನೆ.

ತಮ್ಮ ಕಾರ್ಯವೈಖರಿಯನ್ನು ನಾನು ತರಗತಿಯಲ್ಲಿ ಹಾಡಿ ಹೊಗಳುವವಳು. ಸ್ವಿಚ್ ಒತ್ತಿದೊಡನೆ ತಮ್ಮ ಕೈಕೆಳಗಿನ ಸ್ಟಾರ್ಟರ್ ಒಳಗಿನ ಪುಟ್ಟ ಲೋಹದ ಪಟ್ಟಿ ಕಾಯ್ದು ಬಾಗಿ ದಾರಿ ಕೂಡಿಸುತ್ತದೆ, ಕರೆಂಟು ತಮ್ಮ ಮೂಲಕ ಹರಿದು ಕೊಳವೆಯ ಎರಡೂ ತುದಿಯ ತಂತಿಗಳನ್ನು ಕೆಂಪಗೆ ಮಾಡುತ್ತದೆ, ಪಟ್ಟಿ ಆರಿ ದಾರಿ ಕಡಿದ ಗಳಿಗೆಯಲ್ಲಿ ತಾವು ಸಿಟ್ಟಿಗೆದ್ದು ಒಂದು ಭಾರೀ ಝಟಕಾ ಕೊಡುತ್ತೀರಿ, ಆಗ ಒಳಗಿನ ಪಾದರಸದ ಆವಿ ಹೊತ್ತಿಕೊಂಡು ಕಣ್ಣಿಗೆ ಕಾಣದ ಕಿರಣ ಬಿಡುತ್ತದೆ, ಗಾಜಿನ ಒಳಮೈಗೆ ಬಳಿದ ಪುಡಿ ಅದನ್ನು ಬಿಳಿ ಬೆಳಕು ಮಾಡಿ ನಮಗೆ ಕೊಡುತ್ತದೆ. ಹೊತ್ತಿದ ಮೇಲೆ ಕರೆಂಟು ಹದ್ದುಮೀರಿ ನುಗ್ಗಿ ಎಲ್ಲವನ್ನೂ ಸುಡದಂತೆ ತಡೆದು ಹಿಡಿಯುವವರೂ ತಾವೇ. ಮೊದಲು ನೂಕುವುದು, ಆಮೇಲೆ ಹಿಡಿಯುವುದು: ನಮ್ಮ ಅಜ್ಜಿ ನಾಗಲಿಂಗಮ್ಮನವರನ್ನು ಬಿಟ್ಟರೆ ಈ ಎರಡು ಕೆಲಸವನ್ನು ಒಬ್ಬರೇ ಮಾಡುವುದನ್ನು ನಾನು ಬೇರೆಲ್ಲೂ ಕಂಡಿಲ್ಲ.

ಅಜ್ಜಿಯ ಕಟ್ಟಳೆ ತಮಗೆ ತಿಳಿದದ್ದೇ. ಮುಸ್ಸಂಜೆ ದೀಪ ಹತ್ತಬೇಕು, ಎಲ್ಲರೂ ಅದಕ್ಕೆ ಕೈ ಮುಗಿಯಬೇಕು, ಅಲ್ಲಿಯವರೆಗೆ ಮನೆಯಲ್ಲಿ ಯಾರೂ ತುಟಿ ಪಿಟಕ್ಕೆನ್ನಬಾರದು. ಎಲ್‌ಇಡಿ ಹಾಕಿಸೋಣವೆಂದು ಅಪ್ಪ ಹೇಳಿದಾಗಲೆಲ್ಲ "ಕೈ ಎತ್ತೋದ್ರೊಳಗ ಹತ್ತಿಬಿಡೋ ದೀಪಕ್ಕೆ ಏನ್ ಮರ್ಯಾದಿ ಐತೋ" ಎಂದು ತಮ್ಮ ಕೆಲಸ ಉಳಿಸಿದವರು ಅಜ್ಜಿಯೇ. ಆ ಉಪಕಾರಕ್ಕೆ ತಾವು ಅಂದು ಮಾಡಿದ್ದೇನು?

ಲಗ್ನವಾದ ಮೇಲೂ ನೌಕರಿ ಮುಂದುವರಿಸಬಹುದೇ ಎಂಬ ಒಂದೇ ಒಂದು ಪ್ರಶ್ನೆಯನ್ನು ವರನಿಗೆ ನಾನೇ ಕೇಳಲು, ಬಹಳ ದಿನ ಮುನಿಸಿಕೊಂಡು ಅಪ್ಪನಿಂದ ಒಪ್ಪಿಗೆ ಪಡೆದಿದ್ದೆ. ವರ ಸೋಮಶೇಖರ್ ಮತ್ತು ಅವರ ತಾಯಿ ಕುಳಿತರು, ಸಂಬಂಧ ತಂದ ಗುರುಬಸವರಾಜ ಮಾವ ನಡುವೆ ಕುಳಿತರು, ಸ್ವಿಚ್ ಒತ್ತಲಾಯಿತು. ತಾವು ಫಳ್ ಎಂದಿರಿ, ಅಜ್ಜಿ ಕೈ ಜೋಡಿಸಿದರು, ತಾವು ಕತ್ತಲಾದಿರಿ, ಅಜ್ಜಿ ಕೈ ಇಳಿಸಿದರು, ಮತ್ತೆ ಫಳ್, ಮತ್ತೆ ಕೈ. ಬೀಗರಾಗಬೇಕಾದವರು ಸಂಕೋಚಕ್ಕೆ ಅಜ್ಜಿಯಂತೆಯೇ ಕೈ ಎತ್ತಿ ಇಳಿಸತೊಡಗಿದ್ದರಿಂದ ತಟ್ಟೆಯ ಮಿರ್ಚಿ ಆರಿ ಹೋಯಿತು. ಸಂಜೆ ಹೊತ್ತು ವೋಲ್ಟೇಜು ಇಳಿದಿರುತ್ತದೆ, ತಮ್ಮ ಝಟಕಾಕ್ಕೆ ಬಲ ಸಾಲದು ಎಂಬುದನ್ನು ಒಪ್ಪುತ್ತೇನೆ. ಆದರೆ ಅಜ್ಜಿಯ ಕಟ್ಟಳೆಗೆ ಸೊಪ್ಪು ಹಾಕದ ಏಕೈಕ ಮನುಷ್ಯರಾದ ಗುರುಬಸವರಾಜ ಮಾವ ಆ ಕತ್ತಲೆಯಲ್ಲೇ "ನೌಕರಿ ಏನ್ರಿ, ಲಗ್ನ ಆದಮ್ಯಾಲ ಬಿಡ್ತಾಳ ತಗೋರಿ" ಎಂದು ನನ್ನ ಪರವಾಗಿ ಅವರೇ ರಾಜೀನಾಮೆ ಬರೆದರು, ನಾನು ಬಾಯಿ ತೆರೆದೊಡನೆ ತಾವು ಫಳ್ ಎಂದಿರಿ, ಅಜ್ಜಿ "ಸುಮ್ಕಿರವ್ವ, ದೀಪ ಹತ್ತಾಕತ್ತೈತಿ" ಎಂದು ಗದರಿದರು. ನನಗೆ ಅಳು ಬಂದಿತ್ತು, ಮಾನ್ಯರೇ, ಆ ಮಿಣುಕಿನಲ್ಲಿ ಯಾರಿಗೂ ಕಾಣಲಿಲ್ಲ.

ಕೊನೆಗೆ ಸೋಮಶೇಖರ್ ಎದ್ದು, ಕುರ್ಚಿ ಹತ್ತಿ, ಈ ಸೀಮೆಯ ಎಲ್ಲ ಗಂಡಸರೂ ಮಾಡುವಂತೆ ಸ್ಟಾರ್ಟರನ್ನು ಹಿಡಿದು ತಿರುಚಿದರು. ದೀಪ ಹತ್ತಿತು, ಅಜ್ಜಿಯ ನಮಸ್ಕಾರ ಪೂರ್ತಿಯಾಯಿತು, ಅಷ್ಟರಲ್ಲಿ ಸ್ಟಾರ್ಟರು ಅವರ ಕೈಗೇ ಕಿತ್ತುಬಂತು. ಎಲ್ಲರೂ ಹೌಹಾರಿ ಮೇಲೆ ನೋಡಿದರು, ದೀಪ ಆರಲಿಲ್ಲ. ಗುರುಬಸವರಾಜ ಮಾವ ಉಸಿರು ಎಳೆದುಕೊಳ್ಳುವ ಮುಂಚೆ, ನಾನು ಪ್ರಶ್ನೆ ಕೇಳಿಬಿಟ್ಟೆ. ಕುರ್ಚಿಯ ಮೇಲಿಂದಲೇ ಅವರು "ನೌಕರಿ ಯಾಕ್ ಬಿಡಬೇಕ್ರಿ, ಹರಪನಹಳ್ಳಿಯಿಂದ ಕೂಡ್ಲಿಗಿಗೆ ಬಸ್ ಐತಲ್ಲ" ಎಂದರು. ನನ್ನ ಎದೆ ಬೆಳಗಿತು. ಮರುಕ್ಷಣ ಅವರ ಕಣ್ಣು ತಾಯಿಯ ಮುಖದ ಮೇಲೆ ಬಿತ್ತು, "ಅವ್ವನ್ನ ಒಂದ್ ಮಾತು ಕೇಳಿ ಹೇಳ್ತೀನ್ರಿ" ಎಂದು ಇಳಿದು ಕುಳಿತರು. ಒಳ್ಳೆಯವರು, ನನಗೆ ಹಿಡಿಸಿದ್ದಾರೆ, ಅದೇ ತೊಂದರೆ.

ಈ ಸೋಮವಾರ ಅವರು ಉತ್ತರದೊಂದಿಗೆ ಮತ್ತೆ ಬರುತ್ತಾರೆ. ಆದ್ದರಿಂದ ತಮ್ಮಲ್ಲಿ ನನ್ನ ಪ್ರಾರ್ಥನೆ: ಅವರು ನೌಕರಿ ಇರಲಿ ಎನ್ನಲು ಬಂದಿದ್ದರೆ ಒಂದೇ ಏಟಿಗೆ ಹತ್ತತಕ್ಕದ್ದು, ಬಿಡಲಿ ಎನ್ನಲು ಬಂದಿದ್ದರೆ ಅವರ ಕೊನೆಯ ಬಸ್ಸು ಹೊರಡುವವರೆಗೂ ಮಿಣುಕುತ್ತ, ಯಾರಿಗೂ ಬಾಯಿ ತೆರೆಯಲು ಬಿಡದಿರತಕ್ಕದ್ದು. ಸಾಧ್ಯವಾದರೆ, ಹೊಸಿಲು ದಾಟುವಾಗಲೇ ಅವರ ಮನಸ್ಸಿನಲ್ಲಿ ಏನಿದೆಯೆಂದು ನನಗೊಬ್ಬಳಿಗೇ ಗುಂಯ್‌ಗುಟ್ಟಿ ತಿಳಿಸಬೇಕಾಗಿಯೂ ಕೋರುತ್ತೇನೆ.

ತಮ್ಮ ಬೆಳಕಿಗಾಗಿ ಕಾದು ಕಾದು ಕತ್ತು ನೋವಾಗಿರುವ,
ತಮ್ಮ ವಿಶ್ವಾಸಿ,
ವಾಣಿಶ್ರೀ

ತಾ.ಕ.: ಹತ್ತಿಸುವವರೆಗೆ ಸ್ಟಾರ್ಟರು ಬೇಕು, ಹತ್ತಿದ ಮೇಲೆ ಕಿತ್ತರೂ ಬೆಳಕು ಆರುವುದಿಲ್ಲ ಎಂಬುದನ್ನು ಅಂದು ಎಲ್ಲರೂ ಕಣ್ಣಾರೆ ಕಂಡಿರುವುದರಿಂದ, ಸೋಮವಾರ ಬರುವ ತೊಂದರೆ ತೆಗೆದುಕೊಳ್ಳಬಾರದೆಂದು ಗುರುಬಸವರಾಜ ಮಾವನವರಿಗೆ ಈ ಪತ್ರದ ಪ್ರತಿಯೊಂದನ್ನು ಕಳಿಸಿದ್ದೇನೆ. ಇನ್ನೊಂದು ಪ್ರತಿ ಹರಪನಹಳ್ಳಿಗೆ ಹೋಗಿದೆ, ಅದರ ಕೊನೆಗೆ ಒಂದು ಸಾಲು ಹೆಚ್ಚಿಗೆ ಬರೆದಿದ್ದೇನೆ: ತುದಿಗಳಲ್ಲಿ ಕೆಂಪಾಗಿ, ಹತ್ತಲೋ ಬೇಡವೋ ಎನ್ನುತ್ತ ನಡುವೆ ಕತ್ತಲೆಯಾಗಿಯೇ ಉಳಿಯುವ ಒಬ್ಬರು ನಮ್ಮ ಪಡಸಾಲೆಯಲ್ಲಿ ಈಗಾಗಲೇ ಇದ್ದಾರೆ, ಎರಡನೆಯವರು ಬೇಡ.