ಭಾನುವಾರಕ್ಕೊಂದು ಹಳೇ ಚರ್ಚು

ಎಲ್ಲಿಗಾದರೂ ಸುಮ್ಮನೆ ಹೋಗಿ ಸುಮ್ಮನೆ ಬರುವುದು ನನ್ನ ಹಣೆಯಲ್ಲಿ ಬರೆದಿಲ್ಲ. ಬೀದರ ಕಡೆಯವನು ನಾನು, ಮರಾಠಿ ಸೀಮೆಯ ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಟೆಕ್ನಿಷಿಯನ್. ಹೋದ ವರ್ಷ ಹೆಂಡತಿ ತೀರಿಕೊಂಡಳು. ಆರು ದಿನ ಕೆಲಸದಲ್ಲಿ ಹೇಗೋ ಕಳೆಯುತ್ತದೆ. ಭಾನುವಾರ ಖಾಲಿ ಮನೆಯಲ್ಲಿ ಕೂರಲಾಗುವುದಿಲ್ಲ. ಗುಡಿಗೆ ಹೋದರೆ ಇಲ್ಲಿರುವ ನಮ್ಮ ಊರಿನವರು ಸಿಕ್ಕು, "ಇನ್ನೊಂದು ಲಗ್ನ ಮಾಡ್ಕೋರಿ ಸಾಹೇಬ್ರ" ಅನ್ನುತ್ತಾರೆ. ಅವಳ ಹೆಸರು ಮಾತ್ರ ಯಾರೂ ಎತ್ತುವುದಿಲ್ಲ. ಅದಕ್ಕೇ ಗುರುತಿನವರು ಸಿಗದ ಹಳ್ಳಿಗಳಲ್ಲಿ ಹಳೇ ಚರ್ಚು ನೋಡುತ್ತ ತಿರುಗುವ ಚಟ ಹಚ್ಚಿಕೊಂಡೆ.

ದಿಂಡೋರಿ ದಾರಿಯಲ್ಲಿ

ಕಲ್ಲಿನ ಕಟ್ಟಡ, ಎತ್ತರದ ಕಮಾನು ಬಾಗಿಲು. ಇದೇ ಚರ್ಚು ಅಂತ ಹೊರಗೆ ಚಪ್ಪಲಿ ಬಿಟ್ಟು, ಕೈಮುಗಿದು ಒಳಗೆ ಹೋದೆ. ತಂಪು, ಅರೆಗತ್ತಲು. ಕಣ್ಣು ಮುಚ್ಚಿ ನಿಂತೆ.

"ವೆಲ್‌ಕಮ್ ಸರ್! ಕಪಲ್ ಟೇಸ್ಟಿಂಗಾ?" ಅಂದಳು ಒಬ್ಬ ಹುಡುಗಿ.

ಕಣ್ಣು ಬಿಟ್ಟರೆ ಸುತ್ತಲೂ ವೈನಿನ ಪೀಪಾಯಿ. "ಒಬ್ಬನೇ" ಅಂದವನು ಹೊರಗೆ ಓಡಿ ಬಂದೆ. ಗೇಟಿನ ಕಾವಲುಗಾರ ನನ್ನ ಚಪ್ಪಲಿ ಎತ್ತಿಕೊಟ್ಟ.

"ಕುಡಿದ ಮೇಲೆ ಚಪ್ಪಲಿ ಬಿಟ್ಟು ಹೋಗೋರನ್ನ ದಿನಾ ನೋಡ್ತೀನಿ. ಕುಡಿಯೋಕೆ ಮುಂಚೆಯೇ ಬಿಟ್ಟವರು ನೀವೊಬ್ಬರೇ!"

ವೈಜಾಪುರದಾಚೆ

ಇಲ್ಲಿನ ಪುಟ್ಟ ಚರ್ಚಿಗೆ ಬೀಗ. ಕೀಲಿ ಮೇಷ್ಟ್ರ ಮನೆಯಲ್ಲಿದೆ ಅಂದರು. ಮೇಷ್ಟ್ರು ಚಹಾ ಕುಡಿಸಿ ಹಿಟ್ಟಿನ ಗಿರಣಿಯವನ ಕಡೆ ಕಳಿಸಿದರು. ಅವನೂ ಚಹಾ ಕೊಟ್ಟು ಅಕ್ಕನ ಮನೆ ತೋರಿಸಿದ. ನಾಲ್ಕು ಮನೆ, ನಾಲ್ಕು ಚಹಾ. ಬಹಳ ದಿನಗಳ ಮೇಲೆ ನಾಲ್ಕು ಮಂದಿಯ ಜೊತೆ ಮಾತಾಡಿದ್ದೆ, ನಿಜವಾಗಿ ಖುಷಿಯಾಯಿತು.

ಕೊನೆಯ ಮನೆಯಲ್ಲಿ ಸಿಕ್ಕ ಕೀಲಿ ಹಿಡಿದು, ಮೇಷ್ಟ್ರನ್ನೂ ಕರೆದುಕೊಂಡು ಬಂದು ಬಾಗಿಲು ತೆಗೆದರೆ ಒಳಗೆ ಆರು ಮೇಕೆ! ಹಿಂದಿನ ಗೋಡೆಯೇ ಬಿದ್ದುಹೋಗಿತ್ತು.

"ಮೊದಲೇ ಹೇಳಬಾರದೇನ್ರಿ?"

"ನೀವು ಕೇಳಿದ್ದು ಕೀಲಿ. ಗೋಡೆ ವಿಷಯ ಎಲ್ಲಿ ಕೇಳಿದ್ರಿ?" ಅಂದರು ಮೇಷ್ಟ್ರು.

ಸಟಾಣಾ ಕಡೆಯ ಗಂಟೆ

ಮಧ್ಯಾಹ್ನ, ಚರ್ಚಿನಲ್ಲಿ ನರಪಿಳ್ಳೆಯಿಲ್ಲ. ಬಾಗಿಲ ಪಕ್ಕ ಗಂಟೆಯ ಹಗ್ಗ ಇಳಿಬಿದ್ದಿತ್ತು. ಗುಡಿ ಹೊಕ್ಕಾಗ ಗಂಟೆ ಹೊಡೆಯುವುದು ನಮ್ಮ ರೂಢಿ. ಕೈ ತಾನಾಗಿ ಹೋಯಿತು. ಮೂರು ಸಲ ಜಗ್ಗಿದೆ.

ಆ ಊರಲ್ಲಿ ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ ಗಂಟೆ ಬಾರಿಸುವುದು ಯಾರಾದರೂ ಸತ್ತಾಗ ಮಾತ್ರ ಅಂತ ನನಗೇನು ಗೊತ್ತು? ಈರುಳ್ಳಿ ಹೊಲ ಬಿಟ್ಟು ಊರೇ ಓಡಿ ಬಂತು. ಇಬ್ಬರು ಗುದ್ದಲಿ ಹಿಡಿದೇ ಬಂದಿದ್ದರು.

"ಕೋಣ್ ಗೇಲಂ? ಯಾರು ಹೋದ್ರು?"

ತಪ್ಪಾಯಿತು ಅನ್ನಲು ಬಾಯಿ ತೆರೆದೆ. ಬಂದ ಮಾತೇ ಬೇರೆ: "ನನ್ನ ಹೆಂಡತಿ."

ಹೆಂಗಸರು ಸೆರಗು ಹೊದ್ದು ಕೂತೇಬಿಟ್ಟರು. ಪಾದ್ರಿಗಳು ಅವಳ ಹೆಸರು ಕೇಳಿದರು. ಎಷ್ಟೋ ತಿಂಗಳ ಮೇಲೆ ಆ ಹೆಸರನ್ನು ಬಾಯಿಬಿಟ್ಟು ಹೇಳಿದೆ. ಊರಿಗೆ ಊರೇ ಅದನ್ನು ಹೇಳಿ ಪ್ರಾರ್ಥಿಸಿತು. ನಾನು ಬಿಕ್ಕಿಬಿಕ್ಕಿ ಅತ್ತೆ.

ಗುದ್ದಲಿಯವನು ಮೆಲ್ಲಗೆ ಕೇಳಿದ: "ಕುಣಿ ಎಲ್ಲಿ ಅಗೀಬೇಕು? ಹೆಣ ಎಷ್ಟೊತ್ತಿಗೆ ಬರುತ್ತೆ?"

"ಮಣ್ಣು ಮಾಡಿ... ವರ್ಷ ಆಯ್ತು."

ಒಬ್ಬ ಅಜ್ಜಿ ಸೆರಗು ಸರಿಸಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಹೋದ ವರ್ಷ ಸತ್ತವಳಿಗೆ ಈಗ ಗಂಟೆ ಬಾರಿಸ್ತೀಯಾ? ಅವಳು ಬದುಕಿದ್ದಾಗಲೂ ಎಲ್ಲಾ ಕೆಲಸಕ್ಕೂ ಇಷ್ಟೇ ತಡ ಮಾಡ್ತಿದ್ದೆಯಾ?"

"ಹೌದ್ರಿ" ಅಂದೆ ಕಣ್ಣೊರೆಸಿಕೊಳ್ಳುತ್ತ. "ಆಕಿನೂ ಹಿಂಗ ಬೈತಿದ್ಲು."