ಸೀತಾಪತಿಗಳ ಗಡಿ ಪಂಚಾಂಗ

ಸೀತಾಪತಿಗಳು ಯಂತ್ರದ ಮೇಲೆ ಹೊದಿಸಿದ್ದ ಹಳೆಯ ಪಂಚೆಯನ್ನು ಗತ್ತಿನಿಂದ ಎಳೆದಾಗ ಅದರ ಅಂಚು ಒಂದು ತಿರುಪಿಗೆ ಸಿಕ್ಕಿ ಪರ್ರನೆ ಹರಿಯಿತು. ಇದು ಅಪಶಕುನ ಎಂದು ಅವರ ಹೆಂಡತಿ ಅಂಬುಜಮ್ಮ ಗೊಣಗಿದರು. ಪಂಚೆ ಹಳೆಯದು, ಹರಿಯುವುದು ಅದರ ಧರ್ಮ ಎಂದು ಸೀತಾಪತಿಗಳು ವಾದಿಸಿದರು. ಅರಸೀಕೆರೆಯ ಆ ಮನೆಯಲ್ಲಿ ಈ ಬಗೆಯ ಚರ್ಚೆ ನಲವತ್ತು ವರ್ಷಗಳಿಂದ ನಡೆದುಬಂದಿತ್ತು, ಇವತ್ತೇ ಮುಗಿಯುವ ಲಕ್ಷಣವೇನೂ ಇರಲಿಲ್ಲ. ಶ್ರೀವತ್ಸ ಮಾತ್ರ ಇಬ್ಬರ ಮಾತನ್ನೂ ಕಿವಿಗೆ ಹಾಕಿಕೊಳ್ಳದೆ ಯಂತ್ರವನ್ನೇ ನೋಡುತ್ತಿದ್ದ. ಇದೊಂದು ಸಲ ದೊಡ್ಡಪ್ಪನ ಯಂತ್ರ ಕೆಲಸ ಮಾಡಲಿ ಎಂದು ಅವನು ಕಂಡ ದೇವರಿಗೆಲ್ಲ ಹರಕೆ ಹೊತ್ತಿದ್ದ.

ವತ್ಸ ಊರಿನ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರು. ಅಪ್ಪ ಅಮ್ಮ ತೀರಿಕೊಂಡ ಮೇಲೆ ದೊಡ್ಡಪ್ಪ ದೊಡ್ಡಮ್ಮನ ಜೊತೆಗೇ ಇದ್ದಾನೆ. ಒಡಹುಟ್ಟಿದವಳು ಒಬ್ಬಳೇ, ತಂಗಿ ಮೈತ್ರೇಯಿ. ಅವಳು ಮದುವೆಯಾಗಿ ಗಲ್ಫ್‌ನಲ್ಲಿದ್ದಾಳೆ. ಅವಳ ಮಗು ಇಂಚರಳಿಗೆ ಇಪ್ಪತ್ತಾರನೇ ತಾರೀಖು ಭಾನುವಾರ ವರ್ಷ ತುಂಬುತ್ತದೆ. ಅಂದಿನೊಳಗೆ ಮಗುವನ್ನು ಸೋದರಮಾವನ ತೊಡೆಯ ಮೇಲೆ ಕೂರಿಸಿ ಕಿವಿ ಚುಚ್ಚಿಸಬೇಕು. ಅದು ಮನೆಯ ಪದ್ಧತಿ. ಅಮ್ಮ ಕೊನೆಯ ದಿನಗಳಲ್ಲಿ ವತ್ಸನ ಕೈ ಹಿಡಿದುಕೊಂಡು, "ಇನ್ನು ಅವಳಿಗೆ ತವರು ಅಂದ್ರೆ ನೀನೇ ಕಣೋ" ಎಂದಿದ್ದರು. ಆ ಮಾತು ಅವನ ಎದೆಯಲ್ಲಿ ಕೂತುಬಿಟ್ಟಿತ್ತು. ಮಗುವನ್ನು ಅವನು ಇನ್ನೂ ಮೊಬೈಲಿನಲ್ಲಿ ಬಿಟ್ಟು ಬೇರೆಲ್ಲೂ ನೋಡಿರಲಿಲ್ಲ.

ನೋಡಲು ಬಿಟ್ಟರೆ ತಾನೇ? ಕೊರೊನಾ ಕಾಲ. ವತ್ಸ ಎರಡು ಸಲ ಹೊರಟು ಎರಡು ಸಲವೂ ವಾಪಸ್ಸು ಬಂದಿದ್ದ. ಮೊದಲ ಸಲ ಉಪ್ಪಿಟ್ಟಿಗೆ ಕೂತಾಗ ಒಂದು ನಿಯಮವಿತ್ತು, ಕೈ ತೊಳೆದು ಬಂದಾಗ ಇನ್ನೊಂದಾಗಿತ್ತು. ಎರಡನೇ ಸಲ ಎಪ್ಪತ್ತೆರಡು ಗಂಟೆಯೊಳಗಿನ ಟೆಸ್ಟ್ ಚೀಟಿಯನ್ನು ಜೋಪಾನವಾಗಿ ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತಿದ. ಬಸ್ಸು ತಿಪಟೂರು ದಾಟುವಷ್ಟರಲ್ಲಿ ಎಪ್ಪತ್ತೆರಡು ನಲವತ್ತೆಂಟಾಗಿತ್ತು. ಈಗ ಉಳಿದಿದ್ದುದು ಒಂದೇ ಅವಕಾಶ, ಹತ್ತೊಂಬತ್ತನೇ ತಾರೀಖಿನ ವಿಮಾನ.

ಸೀತಾಪತಿಗಳಿಗೆ ಇದನ್ನೆಲ್ಲ ನೋಡಿ ಸುಮ್ಮನೆ ಕೂರಲು ಆಗಲಿಲ್ಲ. ರೈಲ್ವೆಯ ಸಿಗ್ನಲ್ ವಿಭಾಗದಲ್ಲಿ ಮೂವತ್ತೈದು ವರ್ಷ ದುಡಿದವರು ಅವರು. ನಿವೃತ್ತರಾದ ಹೊಸದರಲ್ಲಿ ಗುಜರಿ ಸಾಮಾನಿನಿಂದಲೇ ಒಂದು ಪಂಚಾಂಗ ಯಂತ್ರ ಕಟ್ಟಿದ್ದರು. ತಿಥಿ, ರಾಹುಕಾಲ, ಸೂತಕದ ದಿನಗಳು, ಪ್ರಯಾಣಕ್ಕೆ ಒಳ್ಳೆಯ ಗಳಿಗೆ ಎಲ್ಲವನ್ನೂ ಅದು ಲೆಕ್ಕ ಹಾಕಿ ಚೀಟಿಯಲ್ಲಿ ಒದರುತ್ತಿತ್ತು. ಪುರೋಹಿತರಿಗೆ ತೋರಿಸಿದಾಗ, ಇದೇ ಎಲ್ಲ ಹೇಳಿದರೆ ನಾನು ಬಂದು ಏನು ಮಾಡಲಿ ಎಂದು ಅವರು ಮುಖ ತಿರುಗಿಸಿದ್ದರು. ಅಂದಿನಿಂದ ಅಟ್ಟ ಸೇರಿದ್ದ ಯಂತ್ರ ಈಗ ಕೆಳಗಿಳಿದಿತ್ತು.

"ಪಂಚಾಂಗ ಏನು ಹೇಳತ್ತೆ? ಯಾವಾಗ ಹೊರಡಬೇಕು, ಯಾವಾಗ ಹೊರಡಬಾರದು ಅಂತ. ಈ ದೇಶಗಳು ಹೇಳ್ತಿರೋದೂ ಅದನ್ನೇ ಅಲ್ವೇನೋ?" ಎಂದರು ಸೀತಾಪತಿಗಳು. ಅದಕ್ಕೇ ಅವರು ಇದಕ್ಕೆ ಗಡಿ ಪಂಚಾಂಗ ಎಂದು ಹೆಸರಿಟ್ಟಿದ್ದರು. ಇದು ಕಾಲು ಗಂಟೆಗೊಮ್ಮೆ ಎಲ್ಲ ದೇಶಗಳ ನಿಯಮ ಓದುತ್ತದೆ, ಅರ್ಜಿಗಳನ್ನು ತಾನೇ ತುಂಬಿ ತಾನೇ ಕಳಿಸುತ್ತದೆ, ವತ್ಸನ ಮೊಬೈಲನ್ನೂ ಮನೆತನದ ವಾಟ್ಸಾಪ್ ಗುಂಪನ್ನೂ ಗಮನಿಸುತ್ತಿರುತ್ತದೆ ಎಂದು ವಿವರಿಸಿದರು. ಹಸಿರು ದೀಪ ಹತ್ತಿದರೆ ಹೊರಡಬಹುದು, ಕೆಂಪಾದರೆ ಕೂಡದು. ಸಂದೇಹ ಬಂದರೂ ಕೆಂಪೇ, ಕರೆಂಟು ಹೋದರೂ ಕೆಂಪೇ. ರೈಲ್ವೆಯ ಮನುಷ್ಯ ಬೇರೆ ಹೇಗೆ ತಾನೇ ಮಾಡಿಯಾನು!

ಕೆಟ್ಟ ಗಳಿಗೆಯಲ್ಲಿ ವತ್ಸ ಹೊಸಿಲು ದಾಟಿಬಿಟ್ಟರೆ ಎಂಬ ಮುಂದಾಲೋಚನೆಯಿಂದ ಅವರು ಇನ್ನೊಂದು ಕೆಲಸವನ್ನೂ ಮಾಡಿದ್ದರು. ಮನೆಯ ಗೇಟು ಕಿತ್ತುಹಾಕಿ, ಹರಾಜಿನಲ್ಲಿ ಹಿಡಿದ ರೈಲ್ವೆ ಗೇಟಿನ ಅಡ್ಡಗಂಬವನ್ನು ಅಲ್ಲಿ ನಿಲ್ಲಿಸಿ, ಮೇಲೊಂದು ಕ್ಯಾಮೆರಾ ಕೂರಿಸಿ, ಎರಡನ್ನೂ ಯಂತ್ರಕ್ಕೆ ಜೋಡಿಸಿದ್ದರು. ದನ ನುಸುಳದಂತೆ ಅದಕ್ಕೆ ಕೆಳಗಿನವರೆಗೂ ತೂಗುವ ಕಬ್ಬಿಣದ ಸರಳುಗಳಿದ್ದವು. ಕೆಂಪು ಬಂದರೆ ಗಂಟೆ ಬಾರಿಸುತ್ತ ಕಂಬ ಇಳಿಯುತ್ತಿತ್ತು.

"ಹಾಲಿನವನು ಹೇಗೆ ಬರ್ಬೇಕು?" ಎಂದು ಅಂಬುಜಮ್ಮ ಕೇಳಿದರು.

"ರೈಲು ಹೋದ ಮೇಲೆ" ಎಂದು ಸೀತಾಪತಿಗಳು ಗುಂಡಿ ಒತ್ತಿದರು.

ಯಂತ್ರ ಗುರ್ರೆಂದಿತು. ಹಸಿರು ದೀಪ ಹತ್ತಿತು. ಏಳು ಮೊಳದ ಚೀಟಿಯೊಂದು ಹೊರಬಂದು ನೆಲದ ಮೇಲೆ ಸುರುಳಿ ಸುತ್ತಿತು. ಹತ್ತೊಂಬತ್ತಕ್ಕೆ ಪ್ರಯಾಣ ಪ್ರಶಸ್ತ, ಅರ್ಜಿ ತುಂಬಿ ಕಳಿಸಲಾಗಿದೆ ಎಂದು ಅದರಲ್ಲಿತ್ತು. ವತ್ಸನಿಗೆ ಕಣ್ಣು ತುಂಬಿ ಬಂತು. ಅಂದು ಸಂಜೆಯೇ ಅಂಬುಜಮ್ಮ ಮಗುವಿಗೆಂದು ಕಡಲೆಹಿಟ್ಟಿನ ಉಂಡೆ ಕಟ್ಟಿದರು, ಹಲ್ಲಿಲ್ಲದ ಮಗು ಅದನ್ನು ಹೇಗೆ ತಿನ್ನುತ್ತದೆಂದು ಯಾರೂ ಕೇಳಲಿಲ್ಲ.

ಎರಡು ದಿನಕ್ಕೆ ಅರ್ಜಿ ವಾಪಸ್ಸು ಬಂತು. ನೀವು ವಾಸವಾಗಿರುವ ದೇಶ ನಮ್ಮ ಕೆಂಪು ಪಟ್ಟಿಯಲ್ಲೂ ಇಲ್ಲ, ಹಸಿರು ಪಟ್ಟಿಯಲ್ಲೂ ಇಲ್ಲ, ಅದು ಎಲ್ಲಿದೆ ದಯವಿಟ್ಟು ತಿಳಿಸಿ ಎಂದು ಬಹಳ ಮರ್ಯಾದೆಯಿಂದ ಕೇಳಿದ್ದರು. ನೋಡಿದರೆ, ವಿಳಾಸದ ಜಾಗದಲ್ಲಿ ಯಂತ್ರ ಪೂಜೆಯ ಸಂಕಲ್ಪವನ್ನು ತುಂಬಿತ್ತು: ಜಂಬೂದ್ವೀಪೇ, ಭರತವರ್ಷೇ, ಭರತಖಂಡೇ, ದಂಡಕಾರಣ್ಯೇ, ಗೋದಾವರ್ಯಾಃ ದಕ್ಷಿಣೇ ತೀರೇ. ಹಳೆಯ ಯಂತ್ರಕ್ಕೆ ಗೊತ್ತಿದ್ದ ವಿಳಾಸ ಅದೊಂದೇ. ಕಾಡಿನಲ್ಲಿ ವಾಸವಾಗಿದ್ದರೆ ಪ್ರತ್ಯೇಕ ಲಸಿಕೆ ಪತ್ರ ಬೇಕು ಎಂದೂ ಅವರು ಸೇರಿಸಿದ್ದರು.

"ತಪ್ಪೇನಿದೆ ಅದ್ರಲ್ಲಿ? ಎಲ್ಲಾ ಸರಿಯಾಗೇ ಇದೆಯಲ್ಲ" ಎಂದರು ಸೀತಾಪತಿಗಳು.

"ಪಿನ್‌ಕೋಡ್ ಇಲ್ಲ" ಎಂದರು ಅಂಬುಜಮ್ಮ.

ವಿಳಾಸ ತಿದ್ದಿ ಕಳಿಸಿದ್ದಾಯಿತು, ಒಪ್ಪಿಗೆಯೂ ಬಂತು. ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ ಟೆಸ್ಟಿಗೆ ಹೊತ್ತು ಗೊತ್ತಾಗಿತ್ತು. ವತ್ಸ ಚಪ್ಪಲಿ ಮೆಟ್ಟಿ ಅಂಗಳಕ್ಕಿಳಿದ. ಶುಕ್ರವಾರ ಹತ್ತೂವರೆಯಿಂದ ರಾಹುಕಾಲ! ಗಂಟೆ ಢಣಢಣ ಬಾರಿಸಿ ಕಂಬ ಇಳಿಯಿತು. ಹನ್ನೆರಡಕ್ಕೆ ಅದು ಏಳುವ ಹೊತ್ತಿಗೆ ಲ್ಯಾಬಿನವರು ಬಾಗಿಲು ಹಾಕಿಕೊಂಡು ಊಟಕ್ಕೆ ಹೋಗಿದ್ದರು. ಶನಿವಾರ ರಾಹುಕಾಲ ಕಳೆದ ಮೇಲೆ ಹೋಗಿ ಮೂಗಿಗೆ ಕಡ್ಡಿ ಹಾಕಿಸಿಕೊಂಡು ಬಂದ. ಸಂಜೆ ನಾಲ್ಕಕ್ಕೆ ನೆಗೆಟಿವ್ ಎಂದು ಚೀಟಿ ಬಂತು. ಸೂಟ್‌ಕೇಸಿಗೆ ಬೀಗ ಹಾಕಿ, ಇನ್ನೇನು ದೇವರಿಗೆ ಕೈಮುಗಿಯಬೇಕು, ಆಗ ವಾಟ್ಸಾಪ್ ಗುಂಪಿನಲ್ಲಿ ಒಂದು ಸಾಲು ಬಂತು. ಹೊಳಲ್ಕೆರೆಯ ಶೇಷಗಿರಿಗೆ ಕೊರೊನಾ ಪಾಸಿಟಿವ್, ಆರೋಗ್ಯ ಪರವಾಗಿಲ್ಲ, ಯಾರೂ ಗಾಬರಿಯಾಗಬೇಡಿ.

ಗಾಬರಿಯಾದದ್ದು ಯಂತ್ರ ಒಂದೇ.

ಕೆಂಪು ದೀಪ ಹತ್ತಿತು, ಕಂಬ ಇಳಿಯಿತು, ಚೀಟಿ ಹೊರಬಂತು: "ದಾಯಾದಿ. ಏಳು ತಲೆಮಾರಿನೊಳಗೆ. ಹತ್ತು ದಿನ."

ಶೇಷಗಿರಿ ಸೀತಾಪತಿಗಳ ದಾಯಾದಿ ಹೌದು, ಮುತ್ತಜ್ಜನ ತಮ್ಮನ ಕಡೆಯವರು. ವತ್ಸ ಅವರನ್ನು ಹದಿನೆಂಟು ವರ್ಷದ ಹಿಂದೆ ಒಂದು ಮುಂಜಿಯಲ್ಲಿ ದೂರದ ಪಂಕ್ತಿಯಲ್ಲಿ ಕಂಡಿದ್ದ. ಆದರೆ ಯಂತ್ರಕ್ಕೆ ಮನೆಯವರನ್ನೆಲ್ಲ ಇಷ್ಟು ದಿನ ದೂರವಿಡುವ ಪದ್ಧತಿ ಎಂದರೆ ಗೊತ್ತಿದ್ದುದು ಒಂದೇ, ಸಾವಿನ ಸೂತಕ. ಕ್ವಾರಂಟೈನ್ ಎಂದು ಓದಿದಾಗಲೆಲ್ಲ ಅದು ಸೂತಕದ ಅಧ್ಯಾಯವನ್ನೇ ಬಿಚ್ಚಿಕೊಳ್ಳುತ್ತಿತ್ತು. ಮುಟ್ಟಿದ್ದಾರೋ ಇಲ್ಲವೋ ಅದಕ್ಕೆ ಬೇಕಿರಲಿಲ್ಲ, ಗೋತ್ರ ಒಂದಾದರೆ ಸಾಕು.

ಅಷ್ಟಕ್ಕೇ ನಿಂತಿದ್ದರೆ ವತ್ಸ ಕಾಂಪೌಂಡು ಹಾರಿಯಾದರೂ ಹೋಗುತ್ತಿದ್ದ. ಯಂತ್ರ ಸತ್ಯಹರಿಶ್ಚಂದ್ರನ ತುಂಡು. ಪ್ರಯಾಣಿಕನ ಕುಟುಂಬದಲ್ಲಿ ಸೋಂಕು, ಪ್ರಯಾಣಿಕ ಹತ್ತು ದಿನ ಪ್ರತ್ಯೇಕವಾಸದಲ್ಲಿ ಎಂದು ತಾನೇ ಮುತುವರ್ಜಿಯಿಂದ ಗಲ್ಫ್‌ಗೆ ಬರೆದು ಕಳಿಸಿತ್ತು. ಪ್ರವೇಶದ ಒಪ್ಪಿಗೆ ರದ್ದಾಯಿತೆಂದು ಐದು ನಿಮಿಷದಲ್ಲಿ ಉತ್ತರ ಬಂತು. ಅರ್ಧ ಗಂಟೆಯೊಳಗೆ ಗುಂಪಿನಲ್ಲಿದ್ದ ನಲವತ್ತಮೂರು ದಾಯಾದಿಗಳಿಗೂ ಹೊಸಿಲು ದಾಟಬಾರದೆಂಬ ಚೀಟಿ ಮೊಬೈಲಿಗೇ ಮುಟ್ಟಿತು. ಹುಬ್ಬಳ್ಳಿಯವನೊಬ್ಬ ಅದನ್ನು ಆಫೀಸಿಗೆ ತೋರಿಸಿ ಹತ್ತು ದಿನದ ರಜೆ ಗಿಟ್ಟಿಸಿಕೊಂಡು, ಸೀತಾಪತಿಗಳಿಗೆ ಅನಂತ ವಂದನೆ ತಿಳಿಸಿದ.

ಸೀತಾಪತಿಗಳು ಸ್ಕ್ರೂಡ್ರೈವರ್ ಹಿಡಿದು ಯಂತ್ರದ ಮುಂದೆ ಕೂತರು. ಮುಚ್ಚಳ ಮುಟ್ಟಿದರೂ ಕೆಂಪು, ತಂತಿ ಎಳೆದರೂ ಕೆಂಪು. ಕೊನೆಗೆ ಸ್ಕ್ರೂಡ್ರೈವರ್ ಕೆಳಗಿಟ್ಟು ವತ್ಸನ ಮುಖ ನೋಡಲಾರದೆ ಹೇಳಿದರು, "ತಪ್ಪು ನಂದು ಕಣೋ. ಹಳೇ ಅಧ್ಯಾಯ ತೆಗೆದು ಹೊಸದು ಹಾಕ್ಬೇಕಿತ್ತು. ಸೋಮಾರಿತನ ಮಾಡ್ದೆ." ಅಂಬುಜಮ್ಮ ಆವತ್ತು ಗಂಡನನ್ನು ಬಯ್ಯಲಿಲ್ಲ. ಅದರಿಂದಲೇ ವತ್ಸನಿಗೆ ಎಲ್ಲ ಮುಗಿಯಿತೆಂದು ಖಾತ್ರಿಯಾಯಿತು.

ಅವನು ಜಗಲಿಯ ಮೇಲೆ ಕೂತು ತಂಗಿಗೆ ಫೋನ್ ಮಾಡಿದ. ಬರಲು ಆಗುವುದಿಲ್ಲ, ಅಮ್ಮನಿಗೆ ಕೊಟ್ಟ ಮಾತು ಉಳಿಸಲಿಲ್ಲ ಎಂದ. ನಲವತ್ತು ದಾಟಿದ ಗಂಡಸು, ಅತ್ತುಬಿಟ್ಟ. ಮೈತ್ರೇಯಿ ತನಗೂ ಒಂದು ಚೀಟಿ ಬಂದಿದೆ, ಅದರ ಅರ್ಥವೇನು ಎಂದು ಕೇಳಿ ಓದಿದಳು: "ಕೊಟ್ಟ ಹೆಣ್ಣು. ಗೋತ್ರ ಬೇರೆ. ಸ್ನಾನ ಮಾತ್ರ. ಪ್ರಯಾಣ ಪ್ರಶಸ್ತ."

ಚೀಟಿ ಅಲ್ಲಿಗೇ ನಿಂತಿರಲಿಲ್ಲ. ಯಂತ್ರ ಅವಳಿಗೂ ಮಗುವಿಗೂ ಅರ್ಜಿ ತುಂಬಿತ್ತು. ಇಪ್ಪತ್ತನಾಲ್ಕಕ್ಕೆ ಇಲ್ಲಿಗೆ ಬಂದು, ಟೆಸ್ಟ್ ಮಾಡಿಸಿಕೊಂಡು, ಇಪ್ಪತ್ತೊಂಬತ್ತರೊಳಗೆ ಹಿಂದಿರುಗಿದರೆ ಎರಡೂ ಕಡೆಯ ನಿಯಮಕ್ಕೂ ಸರಿ ಎಂದು ಗಳಿಗೆ ಹುಡುಕಿಟ್ಟಿತ್ತು. ಒಮ್ಮೆ ಹೊರಬಿದ್ದರೆ ಗಂಡನ ಬಳಿಗೆ ವಾಪಸ್ಸು ಹೋಗಲು ಬಿಡುತ್ತಾರೋ ಇಲ್ಲವೋ ಎಂಬ ಹೆದರಿಕೆಯಲ್ಲಿ ಮೈತ್ರೇಯಿ ಈ ದಾರಿಯನ್ನು ಯೋಚಿಸಿಯೇ ಇರಲಿಲ್ಲ.

"ನಿಂಗೆ ಬರಕ್ಕಾಗಲ್ಲ ಅಂದ್ರೆ ಏನಾಯ್ತಣ್ಣ, ತವರಿಗೆ ನಾನೇ ಬರ್ತೀನಿ" ಎಂದಳು.

ಬಂದಳು. ಬಂದು ಹೋಟೆಲಿನಲ್ಲಿ ಇಳಿದಳು. ಟೆಸ್ಟ್ ನೆಗೆಟಿವ್ ಬಂತು. ಆದರೆ ವತ್ಸನ ಹತ್ತು ದಿನ ಮುಗಿಯುತ್ತಿದ್ದುದು ಇಪ್ಪತ್ತೆಂಟಕ್ಕೆ, ಮಗುವಿನ ಮುಹೂರ್ತ ಇಪ್ಪತ್ತಾರಕ್ಕೆ, ಬೆಳಿಗ್ಗೆ ಹತ್ತೂಕಾಲರೊಳಗೆ. ಸೂತಕದ ಮನೆಯವರನ್ನು ಮುಟ್ಟಿದರೆ ಯಂತ್ರ ಅದನ್ನೂ ಬರೆದು ಕಳಿಸಿ ಅವಳ ವಾಪಸ್ಸಿನ ದಾರಿಯನ್ನೇ ಮುಚ್ಚುತ್ತದೆ. ಗೇಟಿನ ಮೇಲಿನ ಕ್ಯಾಮೆರಾ ರೆಪ್ಪೆ ಮಿಟುಕಿಸದೆ ನೋಡುತ್ತಿತ್ತು. ಕಿತ್ತೊಗೆಯೋಣವೆಂದರೆ, ಕರೆಂಟು ಹೋದರೂ ಎಲ್ಲವೂ ಕೆಂಪು.

ಭಾನುವಾರ ಬೆಳಿಗ್ಗೆ ಕಂಬದ ಆಚೆ ಮೈತ್ರೇಯಿ ಮಗುವನ್ನೆತ್ತಿಕೊಂಡು ನಿಂತಿದ್ದಳು. ಪಕ್ಕದಲ್ಲಿ ಅಕ್ಕಸಾಲಿ ಚಿನ್ನದ ತಂತಿ ಹಿಡಿದು ನಿಂತಿದ್ದ. ಕಂಬದ ಈಚೆ ವತ್ಸ ಮಡಿ ಪಂಚೆಯುಟ್ಟು ಮಣೆಯ ಮೇಲೆ ಕೂತಿದ್ದ. ಮಧ್ಯೆ ಕಬ್ಬಿಣದ ಸರಳುಗಳು. ಇಂಚರ ಸರಳಿನ ಸಂದಿಯಿಂದ ಕೈ ಚಾಚಿ ಮಾವನ ಕನ್ನಡಕಕ್ಕೆ ಆಸೆಪಟ್ಟಳು. ಅಷ್ಟು ಹತ್ತಿರವಿದ್ದೂ ಮುಟ್ಟುವ ಹಾಗಿಲ್ಲ. ಹತ್ತಾಯಿತು. ಹತ್ತೂ ಐದಾಯಿತು. ಸೀತಾಪತಿಗಳು ಯಂತ್ರದ ಮುಂದೆ ನಿಂತು, ತಾವೇ ಕಟ್ಟಿದ ಡಬ್ಬಕ್ಕೆ ಕೈಮುಗಿದು ಬೇಡಿಕೊಂಡರು. ಅದು ಜಗ್ಗಲಿಲ್ಲ.

ಆಗ ಒಂದು ಆಟೋ ಬಂದು ನಿಂತಿತು. ಬಿಳಿ ಮೀಸೆಯ, ಕೊಡೆ ಹಿಡಿದ ಮುದುಕರೊಬ್ಬರು ಇಳಿದು, ಎರಡು ಸಲ ನೆಗೆಟಿವ್ ಬಂದ ಚೀಟಿಗಳನ್ನು ಬಾವುಟದಂತೆ ಆಡಿಸುತ್ತ ಬಂದರು. ನನ್ನ ದೆಸೆಯಿಂದ ಮಗುವಿನ ಶುಭಕಾರ್ಯ ನಿಂತಿತೆಂದು ಗುಂಪಿನಲ್ಲಿ ಓದಿದೆ, ಮನಸ್ಸು ತಡೆಯಲಿಲ್ಲ, ಆಶೀರ್ವಾದ ಮಾಡಿ ಹೋಗೋಣವೆಂದು ಬಂದೆ ಎಂದರು. ಅವರೇ ಹೊಳಲ್ಕೆರೆ ಶೇಷಗಿರಿ.

ಕ್ಯಾಮೆರಾ ಅವರನ್ನು ನೋಡಿತು. ಗುಂಪಿನ ಫೋಟೋಗಳ ಜೊತೆ ಮುಖ ತಾಳೆ ಹಾಕಿತು. ಯಂತ್ರದೊಳಗೆ ಏನೋ ಕಟಕಟ ಎಂದಿತು. ಹಸಿರು ದೀಪ ಹತ್ತಿ, ಕಂಬ ಮೆಲ್ಲಗೆ ಮೇಲೆದ್ದು ನೆಟ್ಟಗೆ ನಿಂತಿತು. ಮೈತ್ರೇಯಿ ಓಡಿಬಂದು ಮಗುವನ್ನು ಅಣ್ಣನ ತೊಡೆಯ ಮೇಲಿಟ್ಟಳು. ಬೆಚ್ಚಗಿನ, ಹಾಲಿನ ವಾಸನೆಯ ಆ ಭಾರಕ್ಕೆ ವತ್ಸನ ಎದೆ ತುಂಬಿತು. ಅಕ್ಕಸಾಲಿ ಹತ್ತೂ ಹದಿಮೂರಕ್ಕೆ ಎರಡು ಕಿವಿಯನ್ನೂ ಚುಚ್ಚಿದ. ಮಗು ಊರಿಗೆಲ್ಲ ಕೇಳುವಂತೆ ಅತ್ತು, ಮಾವನ ಕನ್ನಡಕ ಕಿತ್ತುಕೊಂಡು ಸಮಾಧಾನವಾಯಿತು.

ಅಷ್ಟರಲ್ಲಿ ನಲವತ್ತಮೂರು ಮೊಬೈಲುಗಳಿಗೂ ಹೊಸ ಚೀಟಿ ಹೋಗಿತ್ತು. ಹುಬ್ಬಳ್ಳಿಯವನ ರಜೆ ರದ್ದಾಗಿತ್ತು. ಯಂತ್ರದ ಬಾಯಲ್ಲಿ ನೇತಾಡುತ್ತಿದ್ದ ಚೀಟಿಯನ್ನು ಶೇಷಗಿರಿ ಹರಿದುಕೊಂಡು, ಕೊಡೆಯನ್ನು ಕಂಕುಳಿಗೆ ಸಿಕ್ಕಿಸಿ, ದೂರ ಹಿಡಿದು ಓದಿದರು: "ಮೃತರು ಖುದ್ದು ಹಾಜರಾದ ಕಾರಣ ಸೂತಕ ರದ್ದು."

ಅವರು ಚೀಟಿಯನ್ನು ನೀಟಾಗಿ ಮಡಿಸಿ ಜೇಬಿಗಿಟ್ಟುಕೊಂಡು ಜಗಲಿಯ ಮೇಲೆ ಕೂತರು.

"ಅಂಬುಜಾ, ನಂಗೆ ಕಾಫಿ ಕೊಡ್ತೀಯೋ, ಇಲ್ಲ ಎಳ್ಳುನೀರೇ ಬಿಡ್ತೀಯೋ?"